ಶ್ರಾವಣದಲ್ಲಿ ಮೀನೆಣ್ಣೆ

“ತಾತಾ, ಶನಿವಾರದ ಮಾತ್ರೆಗಳು ಇಲ್ಲೇ ಇವೆ! ನಿನ್ನೆ ತಗೊಳ್ಳಲೇ ಇಲ್ವಾ?”

ಭಾನುವಾರ ಬೆಳಿಗ್ಗೆ ವಾರದ ಮಾತ್ರೆ ಡಬ್ಬಿ ತುಂಬೋದು ನಯನಾಳ ಡ್ಯೂಟಿ. ಚಿಕ್ಕಬೈರಪ್ಪ ತಾತ ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡ.

“ಶ್ರಾವಣದಲ್ಲಿ ಮೀನು ಮುಟ್ಟಂಗಿಲ್ಲ ಕಣಮ್ಮ. ಅದ್ರ ಜೊತೆ ಒಂದೇ ಡಬ್ಬೀಲಿ ಇದ್ದವೆಲ್ಲ ಮೈಲಿಗೆ. ಅದಕ್ಕೇ ಎಲ್ಲಾ ಬಿಟ್ಟೆ.”

ನಯನಾ ಡಬ್ಬಿಯನ್ನು ಕೆಳಗಿಟ್ಟಳು. ಶುಕ್ರವಾರ ರಾತ್ರಿ ಊಟವಾದ ಮೇಲೆ ಹಳದಿ ಕ್ಯಾಪ್ಸೂಲಿಗೆ ಪಿನ್ ಚುಚ್ಚಿ ತಾತನ ಮೂಗಿಗೆ ಹಿಡಿದದ್ದು ಯಾರು? ಇದೇ ಕಿಲಾಡಿ ಹುಡುಗಿ. “ತಾತಾ, ನೀನು ದಿನಾ ನುಂಗ್ತಿರೋದು ಮೀನೆಣ್ಣೆ!” ಅಂತ ನಕ್ಕು ಓಡಿಹೋಗಿದ್ದಳು.

ಮೂರು ತಿಂಗಳ ಹಿಂದೆ ತಾತನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಒಂದು ಮಾತ್ರೆಯನ್ನೂ ತಪ್ಪಿಸಬಾರದು ಅಂತ ಡಾಕ್ಟರ್ ಹತ್ತು ಸಲ ಹೇಳಿದ್ದರು. ತಾತನಿಗೆ ಏನಾದರೂ ಆದರೆ? ನಯನಾ ಅಳುತ್ತಲೇ ಅಮ್ಮನಿಗೆ ಎಲ್ಲ ಹೇಳಿದಳು, ಪಿನ್ನಿನ ವಿಷಯವನ್ನೂ ಬಿಡಲಿಲ್ಲ.

ಅಮ್ಮ ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಆಟೋ ಹಿಡಿದು, ಇಬ್ಬರನ್ನೂ ಸಹಕಾರನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಡಾಕ್ಟರ್ ಸರಳಾ ಬಿಪಿ ನೋಡಿದರು, ಇಸಿಜಿ ತೆಗೆದರು. ಅಷ್ಟು ಹೊತ್ತೂ ನಯನಾ ಅಮ್ಮನ ವೇಲ್ ಹಿಡಿದುಕೊಂಡೇ ಇದ್ದಳು.

“ಎಲ್ಲಾ ನಾರ್ಮಲ್,” ಅಂದರು ಡಾಕ್ಟರ್.

ಅಬ್ಬಾ, ಈಗ ನಯನಾ ಅಮ್ಮನ ವೇಲ್ ಬಿಟ್ಟಳು.

“ಮೀನೆಣ್ಣೆ ನಿಮ್ಮ ರಕ್ತದಲ್ಲಿರೋ ಕೊಬ್ಬು ಇಳಿಸೋಕೆ ಕೊಟ್ಟಿದ್ದು. ಶ್ರಾವಣ ಮುಗಿಯೋವರೆಗೆ ಬೇಡ ಬಿಡಿ. ಸಿಹಿ, ಜಿಡ್ಡು ಕಮ್ಮಿ ಮಾಡಿ, ದಿನಾ ವಾಕ್ ಹೋಗಿ. ಆದ್ರೆ ಸ್ಟೆಂಟ್ ಕಟ್ಟಿಕೊಳ್ಳದಂಗೆ ನೋಡ್ಕೊಳ್ಳೋ ಮಾತ್ರೆ ಒಂದು ದಿನಾನೂ ಬಿಡಂಗಿಲ್ಲ. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?”

“ಇಂಥದ್ದನ್ನೆಲ್ಲಾ ಎಂಗೆ ಕೇಳೋದು ಅಂತ ನಾಚಿಕೆ ಆಯ್ತು ಕಣಮ್ಮ,” ಅಂದ ತಾತ, ತಲೆ ಕೆರೆದುಕೊಳ್ಳುತ್ತಾ.

ಮನೆಗೆ ಬಂದಾಗ ಲಕ್ಷ್ಮಿದೇವಮ್ಮ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ವಿಷಯ ಕೇಳಿದ್ದೇ ತಡ, ಕ್ಯಾಪ್ಸೂಲ್ ಬಾಟಲಿಯನ್ನು ಹಿತ್ತಲಿಗೆ ಒಯ್ದು, ಶ್ರಾವಣಕ್ಕೆಂದು ತೊಳೆದು ಅಲ್ಲಿ ಬೇರೆ ಇಟ್ಟಿದ್ದ ಮೀನುಸಾರಿನ ಪಾತ್ರೆಯೊಳಗಿಟ್ಟು ಮುಚ್ಚಿದಳು. “ಶ್ರಾವಣ ಕಳೀಲಿ, ಇಬ್ರೂ ಒಟ್ಟಿಗೇ ಒಳಗೆ ಬರ್ಲಿ,” ಅಂದಳು. ತಾತನೂ ನಕ್ಕುಬಿಟ್ಟ.

ನಯನಾ ಹೊಸ ಡಬ್ಬಿಗೆ ಹೊಸ ಮಾತ್ರೆ ತುಂಬಿದಳು. ತಾತ ಒಂದನ್ನು ಎತ್ತಿ ತಿರುಗಿಸಿ ನೋಡಿದ. “ಇದು ಯಾವ್ದಮ್ಮ?”

ಅವಳು ಅಮ್ಮನನ್ನು ಕೇಳಿ ತಿಳಿದುಕೊಂಡು ಬಂದಳು.

“ಇದು ಸ್ಟೆಂಟ್‌ದು ತಾತ. ಇದರಲ್ಲಿ ಮೀನಿಲ್ಲ.”

ತಾತ ಮಾತ್ರೆ ನುಂಗಿ ನೀರು ಕುಡಿದ. ಹೊರಗೆ ಗೆಳತಿಯರು ಆಟಕ್ಕೆ ಕೂಗುತ್ತಿದ್ದರು. ತಾತ ಲೋಟ ಕೆಳಗಿಡುವವರೆಗೂ ನಯನಾ ಎದ್ದು ಹೋಗಲಿಲ್ಲ.