ಗಂಜಿ ಕುಡಿದರಂತೆ

"ಅಲ್ಲೇ ನಿಂತ್ಕೊಳ್ರಿ! ಮುಂದೆ ಬಂದ್ರೆ ಗಾಡಿ ಗಾಳಿ ಬಿಡ್ತೀನಿ!"

ಹುಲಿಕೆರೆಯ ಹಾದಿಗೆ ಅಡ್ಡಲಾಗಿ ಎಳೆದಿದ್ದ ಜಾಲಿ ಮುಳ್ಳಿನ ಆಚೆ, ಬೈಕಿನ ಮೇಲಿದ್ದವನು ಬೆಚ್ಚಿಬಿದ್ದ. ಈಚೆ ದುಪಟ್ಟಾವನ್ನು ಮೂಗಿಗೆ ಬಿಗಿದುಕೊಂಡು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು ದಿವ್ಯಾ. ಊರಿನ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿ. ಕೊರೊನಾದ ಎರಡನೇ ಅಲೆ ಶಾಲೆಗೆ ಬೀಗ ಜಡಿಸಿದ ಮೇಲೆ ಊರ ಕಾವಲು ಅವಳ ಪಾಲಿಗೆ ಬಂದಿತ್ತು.

"ನಾನೂ ಮೇಷ್ಟ್ರೇ ರೀ... ವಂಶಿ ಅಂತ. ಹಳೇಬೀಡಿನ ಹೈಸ್ಕೂಲು. ಮಕ್ಕಳ ಬಿಸಿಯೂಟದ ಅಕ್ಕಿ, ಬೇಳೆ ತಂದಿದೀನಿ. ಈ ಊರು ನನ್ನ ಪಾಲಿಗೆ ಬಿದ್ದಿದೆ."

"ಊರಿನ ಹಣೆಬರಹ! ಮಾಸ್ಕು ಗಲ್ಲಕ್ಕೆ ಹಾಕ್ಕೊಳ್ಳೋದನ್ನ ನಿಮ್ಮ ಹೈಸ್ಕೂಲಲ್ಲಿ ಕಲಿಸ್ತಾರಾ?"

ಅವನು ಪೆಚ್ಚಾಗಿ ಮಾಸ್ಕನ್ನು ಮೇಲೆಳೆದುಕೊಂಡ. ಈಗ ಕಾಣುತ್ತಿದ್ದುದು ಕಣ್ಣು ಮಾತ್ರ. ಆ ಕಣ್ಣುಗಳು ನಗುತ್ತಿದ್ದವು.

'ಹಾಳಾದವನು... ನಗೋಕೆ ಇದೊಂದು ಕಾಲವಾ?' ಅಂದುಕೊಂಡಳು. ಅಂದುಕೊಳ್ಳುತ್ತಲೇ ತಾನೂ ನಕ್ಕಳು. ಸದ್ಯ, ದುಪಟ್ಟಾ ಇತ್ತು!

ಆ ಬೇಸಿಗೆಯಲ್ಲಿ ಶಾಲೆಗಳು ಪಾಠ ಬಿಟ್ಟು ಮನೆಗಳನ್ನು ಕಾಯುತ್ತಿದ್ದವು. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಊರು. ಯಾರ ಮನೆಯಲ್ಲಿ ಜ್ವರ, ಟೆಸ್ಟು ಎಲ್ಲಿ, ಆಸ್ಪತ್ರೆಗೆ ಹೋದವರು ಹೇಗಿದ್ದಾರೆ... ಸಂಜೆಯಾದರೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ವಂಶಿಯ ದನಿ. ಇದರ ಉಸ್ತುವಾರಿ ಹೊತ್ತಿದ್ದ ಶರ್ಮಿಳಾ ಮೇಡಂ ಎಲ್ಲರಿಗೂ ಒಂದೇ ಮಾತು ಹೇಳಿದ್ದರು. "ಸುದ್ದಿ ಮುಟ್ಟಿಸಿ, ಗಾಬರಿ ಮಾಡಬೇಡಿ." ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಯಾರೂ ಕೇಳಲಿಲ್ಲ.

ಆ ಸುದ್ದಿಗಳಲ್ಲಿ ದಿವ್ಯಾಳ ಮನೆಯೂ ಸೇರಿತು.

ಅಪ್ಪ ಬೋರಯ್ಯನಿಗೆ ಉಸಿರು ಕಟ್ಟತೊಡಗಿ, ಆಂಬುಲೆನ್ಸು ದೂರದ ದೊಡ್ಡಾಸ್ಪತ್ರೆಗೆ ಕೊಂಡೊಯ್ದಿತು. ಜೊತೆಗೆ ಯಾರನ್ನೂ ಬಿಡಲಿಲ್ಲ. ಅವ್ವ ಮುದ್ದಮ್ಮನಿಗೂ ಪಾಸಿಟಿವ್. ಮನೆ ಮುಂದೆ ಪಟ್ಟಿ ಕಟ್ಟಿ ಸೀಲ್ ಮಾಡಿದರು. ನಿನ್ನೆವರೆಗೆ 'ನಮ್ಮ ದಿವ್ಯಾ' ಎನ್ನುತ್ತಿದ್ದವರು ಈಗ ಬೀದಿಯ ಆ ಬದಿಯಲ್ಲಿ ಮುಖ ತಿರುಗಿಸಿಕೊಂಡು ನಡೆದರು. ಊರು ಕಾದವಳಿಗೆ ಊರು ಕೊಟ್ಟ ಮರ್ಯಾದೆ ಅದು.

ಬರುತ್ತಿದ್ದವನು ವಂಶಿ ಒಬ್ಬನೇ. ಪಟ್ಟಿಯ ಆಚೆ ನಿಂತು ಹಾಲು, ಮಾತ್ರೆ ಇಡುತ್ತಿದ್ದ.

"ಆಸ್ಪತ್ರೆಗೆ ಫೋನ್ ಮಾಡಿದ್ರಾ?" ದಿನವೂ ಅವಳ ಮೊದಲ ಪ್ರಶ್ನೆ.

"ಮಾಡ್ದೆ. ಬೆಳಿಗ್ಗೆ ಗಂಜಿ ಕುಡಿದ್ರಂತೆ."

"ನಮ್ಮನ್ನ ಕೇಳಿದ್ರಂತಾ?"

"ಅವ್ವನ್ನ ಚೆನ್ನಾಗಿ ನೋಡ್ಕೋ ಅಂದ್ರಂತೆ... ಬರ್ತೀನಿ ಮೇಡಂ."

ಆ ಗಂಜಿಯ ಸುದ್ದಿ ಕೇಳಿದ ಮೇಲೆಯೇ ಅವಳ ಗಂಟಲಿನಲ್ಲಿ ಅನ್ನ ಇಳಿಯುತ್ತಿತ್ತು. ಒಂದು ಸಂಜೆ ಬಾಯಿ ತಪ್ಪಿ ಅಂದೇಬಿಟ್ಟಳು.

"ನೀವು ಬರದಿದ್ರೆ ನಂಗೆ ಹೊತ್ತೇ ಹೋಗಲ್ಲ ಕಣ್ರೀ."

ವಂಶಿಯ ಕಿವಿ ಕೆಂಪಾಯಿತು. "ನಾಳೆನೂ ಬರ್ತೀನಿ... ದಿವ್ಯಾ." ಮೇಡಂ ಎನ್ನದೆ ಮೊದಲ ಸಲ ಹೆಸರು ಹಿಡಿದ!

ಪ್ರೀತಿ ಹುಟ್ಟೋಕೆ ಬೇರೆ ಕಾಲ ಸಿಗಲಿಲ್ಲವೇ ಅಂತ ನೀವು ಕೇಳಬಹುದು. ಅದೇನು ಮುಹೂರ್ತ ನೋಡಿಕೊಂಡು ಬರುತ್ತದೆಯೇ?

ಮರುದಿನ ಸಂಜೆ ಅವನು ಬಂದ. ಹಾಲಿಟ್ಟ. ಕಣ್ಣಲ್ಲಿ ನಗುವಿರಲಿಲ್ಲ.

"ಅಪ್ಪ?"

"ನಿದ್ದೆ ಮಾಡ್ತಿದಾರಂತೆ."

ಅಷ್ಟೇ. ಬೈಕು ತಿರುಗಿಸಿ ಹೊರಟೇಬಿಟ್ಟ.

'ಛೇ! ನಿನ್ನೆ ಹಾಗೆ ಬಾಯಿ ಬಿಟ್ಟಿದ್ದೇ ತಪ್ಪಾಯ್ತು... ಅಸಹ್ಯ ಅನ್ನಿಸಿರಬೇಕು ಅವರಿಗೆ.' ದಿವ್ಯಾಳಿಗೆ ಅಳು ಒತ್ತಿ ಬಂತು.

"ಮೇಷ್ಟ್ರು ಹೊಂಟೋದ್ರೇನೇ?" ಒಳಗಿನಿಂದ ಮುದ್ದಮ್ಮ ಕೇಳಿದಳು.

"ಹೂಂ ಕಣವ್ವ. ಬರ್ತೀನಿ ಅಂತ ಒಂದು ಮಾತೂ ಹೇಳ್ಲಿಲ್ಲ. ಎಷ್ಟು ಜಂಬ ನೋಡು!"

 ಒಳಗೆ ಬಳೆಯ ಸದ್ದಾಯಿತು. ಮುದ್ದಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ದಿನಾ ಬತ್ತೀನಿ ಅಂತಿದ್ದೋರು, ಇವತ್ತು ಅನ್ನಲಿಲ್ವಾ?"

"ಇಲ್ಲ ಕಣವ್ವ... ಯಾಕೆ?"

"ಬತ್ತೀನಿ ಅಂತ ಯಾವ ಮನೇಲಿ ಹೇಳಕ್ಕಿಲ್ಲ, ಹೇಳೇ ನನ್ ಮಗಳೇ..."

ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನುವುದಿಲ್ಲ. ಸುಳ್ಳನ್ನೆಲ್ಲ ಹೇಳಿದ ವಂಶಿಗೆ ಆ ಒಂದು ಮಾತು ಮಾತ್ರ ಬಾಯಿಗೆ ಬಂದಿರಲಿಲ್ಲ. ಮುದ್ದಮ್ಮ ಹಾಗೆಯೇ ಹೊಸ್ತಿಲ ಮೇಲೆ ಕುಸಿದಳು.

ದಿವ್ಯಾ ವಂಶಿಗೆ ಫೋನ್ ಮಾಡಿದಳು. "ನಮ್ಮಪ್ಪ ಇದಾರಾ, ಇಲ್ವಾ? ಒಂದೇ ಮಾತು ಹೇಳಿ!"

"...ಇಲ್ಲ ದಿವ್ಯಾ. ಬೆಳಿಗ್ಗೆ ಹೋದ್ರು. ಆಸ್ಪತ್ರೆಯಿಂದ ನಂಗೇ ಫೋನ್ ಬಂತು."

"ಮುಖ ನೋಡ್ಬೇಕು ನಾನು! ಎಲ್ಲಿದಾರೆ?"

"ಮಣ್ಣಾಯ್ತು. ಆಸ್ಪತ್ರೆಯವರೇ ಮಾಡಿದ್ರು. ನಾನು ಹೋಗಿದ್ದೆ... ಒಂದು ಹಿಡಿ ಮಣ್ಣು ಹಾಕ್ದೆ."

"ನಮ್ಮಪ್ಪಂಗೆ ಮಣ್ಣು ಹಾಕೋಕೆ ನೀವ್ಯಾರ್ರೀ?" ಅವಳು ಚೀರಿದಳು. "ಮಣ್ಣು ಹಾಕಿ ಬಂದು, ನನ್ನೆದುರು ನಿಂತು, ನಿದ್ದೆ ಮಾಡ್ತಿದಾರೆ ಅಂದ್ರಲ್ಲ!"

"ನಿಮ್ಮವ್ವನ ಉಸಿರು ಸರಿಹೋಗೋವರೆಗೆ..."

"ಇನ್ನು ನಮ್ಮ ಮನೆ ಕಡೆ ತಲೆ ಹಾಕ್ಬೇಡಿ!"

ಅವನು ತಲೆ ಹಾಕಲಿಲ್ಲ.

ಮುದ್ದಮ್ಮ ಚೇತರಿಸಿಕೊಂಡಳು. ಮನೆ ಮುಂದಿನ ಪಟ್ಟಿ ಬಿಚ್ಚಿದರು. ಅದೇ ವಾರ ಶರ್ಮಿಳಾ ಮೇಡಂ ಫೋನ್ ಮಾಡಿದರು.

"ದಿವ್ಯಾ, ನಿಮ್ಮ ಕಷ್ಟ ಗೊತ್ತು. ಆದ್ರೆ ಫೋನ್ ಕೆಲಸ ನೀವೇ ನೋಡ್ಕೋಬೇಕು. ವಂಶಿಗೂ ಬಂದುಬಿಟ್ಟಿದೆ. ಅದೇ ಆಸ್ಪತ್ರೆ. ಬೇಲೂರಲ್ಲಿ ಅವರ ತಾಯಿ ಯದುಗಿರಿ ಒಬ್ರೇ ಇದಾರೆ. ಅವರಿಗೂ ದಿನಾ ಸುದ್ದಿ ಹೇಳ್ಬೇಕು."

'ಅನುಭವಿಸಲಿ!' ಮನಸ್ಸು ಮೊದಲು ಹೇಳಿದ್ದು ಅದನ್ನೇ. ಮರುಕ್ಷಣವೇ ಆಸ್ಪತ್ರೆಯ ನಂಬರು ಹುಡುಕುತ್ತಿದ್ದಳು.

ಆಸ್ಪತ್ರೆಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮಧ್ಯಾಹ್ನವೆಲ್ಲ ಮಾಡಿದಳು. ಅಷ್ಟರಲ್ಲಿ ಬೇಲೂರಿನಿಂದಲೇ ಕರೆ ಬಂತು.

"ಹೇಗಿದಾನಮ್ಮ ನನ್ನ ಮಗ?"

ಗೊತ್ತಿಲ್ಲ ಎನ್ನಬೇಕಿತ್ತು. ಇದ್ದ ನಿಜ ಅಷ್ಟೇ. ಸುಳ್ಳು ಹೇಳಿದವನನ್ನು ಬೀದಿಗಟ್ಟಿದ ಹುಡುಗಿ ಅವಳು! ಆದರೆ ಆ ತಾಯಿಯ ದನಿ ಕೇಳಿದ್ದೇ ತಡ...

"ಗಂಜಿ ಕುಡಿದ್ರಂತೆ ಅಮ್ಮ."



"ಅವನಿಗೆ ಗಂಜಿ ಅಂದ್ರೆ ಚಿಕ್ಕಂದಿನಿಂದ ವಾಕರಿಕೆ ಕಣಮ್ಮ. ಜ್ವರ ಬಂದ್ರೂ ಮುಟ್ಟೋನಲ್ಲ." ಯದುಗಿರಿಯ ದನಿ ಒಡೆಯಿತು. "ಆದ್ರೂ... ನಾಳೆನೂ ಹೀಗೇ ಹೇಳಮ್ಮ."

ಫೋನಿಟ್ಟು ದಿವ್ಯಾ ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತಳು. ಹಾಗಾದರೆ ಅಪ್ಪ ಕುಡಿದ ಗಂಜಿ? ಅವ್ವನ್ನ ನೋಡ್ಕೋ ಅಂದ ಮಾತು? ತಾನು ನೆಚ್ಚಿಕೊಂಡು ಉಂಡ ಅಷ್ಟೂ ಸುದ್ದಿ...?

ವಂಶಿ ಬದುಕಿಕೊಂಡ. ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹುಲಿಕೆರೆಗೆ ಬಂದು ಅಂಗಳದಲ್ಲಿ ನಿಂತ. ಅಂಗಿಯೊಳಗೆ ಬರೀ ಮೂಳೆಯಿತ್ತು.

"ಬೈಯೋದಾದ್ರೆ ಬೈದುಬಿಡಿ."

"ಒಂದು ಕೇಳ್ತೀನಿ. ಅಪ್ಪ ಗಂಜಿ ಕುಡಿದಿದ್ದು ನಿಜವಾ?"

ಅವನು ನೆಲ ನೋಡಿದ. "ಗೊತ್ತಿಲ್ಲ ದಿವ್ಯಾ. ಫೋನ್ ಎತ್ತುತ್ತಲೇ ಇರ್ಲಿಲ್ಲ. ಒಂದೇ ಸಲ ಒಬ್ರು ನರ್ಸ್ ಸಿಕ್ಕಿದ್ರು."

"ಏನಂದ್ರು?"

"ಬೇಡ..."

"ಹೇಳ್ರೀ!"

"ಊಟ ಮುಟ್ತಿಲ್ಲ ಅಂದ್ರು. ಬಾಗಿಲು ಸದ್ದಾದಾಗೆಲ್ಲ 'ನಮ್ ದಿವ್ಯಾ ಬಂದ್ಲಾ' ಅಂತ ಕೇಳ್ತಾರೆ... ಅಂದ್ರು."

ಅವಳು ಕಂಬ ಹಿಡಿದುಕೊಂಡಳು. "ಅವತ್ತೇ ಹೇಳಿದ್ರೆ ಪಟ್ಟಿ ಕಿತ್ತೆಸೆದು ಓಡಿ ಹೋಗ್ತಿದ್ದೆ."

"ಒಳಗೆ ಬಿಡ್ತಿರ್ಲಿಲ್ಲ. ಗೇಟಿನ ಹೊರಗೇ ನಿಲ್ಲಿಸ್ತಿದ್ರು."

"ನಿಲ್ತಿದ್ದೆ! ಗೇಟಿನ ಹೊರಗೇ ನಿಲ್ತಿದ್ದೆ. ಬಂದಿದಾಳೆ ಅಂತ ಯಾರಾದ್ರೂ ಅವರ ಕಿವಿಗೆ ಹಾಕ್ತಿದ್ರು. ಅದನ್ನ ಕಿತ್ಕೊಂಡ್ರಿ ನೀವು."

"ಹೌದು. ಕಿತ್ಕೊಂಡೆ."

ಸಮಜಾಯಿಷಿ ಇಲ್ಲ, ಕೈ ಮುಗಿಯಲಿಲ್ಲ. ಅವನ ಕಣ್ಣುಗಳು ಮಾತ್ರ ಸುರಿಯುತ್ತಿದ್ದವು.

"ನಿಮ್ಮನ್ನ ಕ್ಷಮಿಸೋಕೆ ನಂಗಾಗಲ್ಲ ವಂಶಿ."

"ಕ್ಷಮೆ ಕೇಳೋಕೆ ಬಂದಿಲ್ಲ. ನೀವಿಲ್ದೆ ಇರೋಕಾಗ್ತಿಲ್ಲ... ಅದನ್ನ ಹೇಳೋಕೆ ಬಂದೆ."

"ನಂಗೂ ಆಗ್ತಿಲ್ಲ. ಅದೇ ನನ್ನ ಕರ್ಮ!" ಎನ್ನುತ್ತಾ ಅವಳು ಬಿಕ್ಕಿದಳು.

ಒಳಗಿನಿಂದ ಮುದ್ದಮ್ಮನ ದನಿ ಬಂತು. "ಮೇಷ್ಟ್ರಾ? ಒಳೀಕ್ ಬನ್ನಿ ಸ್ವಾಮಿ. ಆವತ್ತಿಂದ ಕೇಳ್ಬೇಕು ಅಂತಿದ್ದೆ... ನಮ್ಮ ಯಜಮಾನ್ರು ಕೊನೇಗೆ ಏನಾದ್ರೂ ಉಂಡ್ರಾ?"

ವಂಶಿ ದಿವ್ಯಾಳನ್ನು ನೋಡಿದ. ಅವಳು ಮೊದಲ ಸಲ ಅವನ ಕೈ ಹಿಡಿದಳು.

"ಏನು ಹೇಳ್ಲಿ?" ಪಿಸುಗುಟ್ಟಿದ.

"ಮುದ್ದೆ, ಬಸ್ಸಾರು ಅನ್ನಿ. ಹೊಟ್ಟೆ ತುಂಬ ಉಂಡ್ರು ಅನ್ನಿ."

"ಇನ್ನು ಸುಳ್ಳು ಹೇಳಲ್ಲ ಅಂತ ಆಣೆ ಇಟ್ಕೊಂಡು ಬಂದಿದೀನಿ ದಿವ್ಯಾ..."

"ನಂಗೆ ಸುಳ್ಳು ಹೇಳ್ಬೇಡಿ. ಅವ್ವಂಗೆ... ಇಬ್ರೂ ಸೇರಿ ಹೇಳೋಣ ಬನ್ನಿ."