ದೇವೀರಿ ಕೂರಿಸಿದ ರೈಲುಹಾದಿ

ಬಹಳ ಹಿಂದೆ ತೊರೆನಾಡು ಎಂಬ ರಾಜ್ಯದಲ್ಲಿ ಒಂದು ರೈಲಿತ್ತು. ರಾಜರಾಣಿಯರ ಕಾಲದಲ್ಲಿ ರೈಲು ಎಲ್ಲಿಂದ ಬಂತು ಎಂದು ಕೇಳುವವರು ಈಗಲೇ ಎದ್ದು ಹೋಗಬಹುದು. ಕುದುರೆ ಹಾರಿತು ಎಂದರೆ ತಲೆಯಾಡಿಸುವವರು, ರೈಲು ಓಡಿತು ಎಂದರೆ ತಕರಾರು ತೆಗೆಯಬಾರದು.

ಒಂದು ಎಂಜಿನ್ನು, ಐದು ಡಬ್ಬಿ. ಹವಳಪಟ್ಟಣದ ಕಡಲ ದಂಡೆಯಿಂದ ಗವಿಬೆಟ್ಟದವರೆಗೆ ಹನ್ನೆರಡು ಹರದಾರಿ ಹಾದಿ. ಅದನ್ನು ಓಡಿಸುವವನು ಚನ್ನಿಗ. ಅವನ ಹೆಂಡತಿ ದೇವೀರಿ ಅರಗಿನ ಬೊಂಬೆ ಕಡೆಯುವವಳು. ಹಾಲೆ ಮರವನ್ನು ತಿರುಗಣೆಗೆ ಕೊಟ್ಟು, ಬಣ್ಣದ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿದಳೆಂದರೆ ಮುಖ ನೋಡಿಕೊಳ್ಳುವಷ್ಟು ಹೊಳಪು ಬರುತ್ತಿತ್ತು. ಅವರ ಮನೆ ಹಳಿಯ ಪಕ್ಕದಲ್ಲೇ, ಗೇಟಿನ ಹತ್ತಿರ. ದಿನಾ ಮಧ್ಯಾಹ್ನ ದೇವೀರಿ ಗಂಡನ ಬುತ್ತಿ ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ನಿಲ್ದಾಣವಿಲ್ಲದಿದ್ದರೂ ರೈಲು ನಿಲ್ಲುತ್ತಿತ್ತು. ರಾಜನಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ.

ಒಂದು ನವರಾತ್ರಿಯಲ್ಲಿ ಮಹಾರಾಣಿ ಪದ್ಮಗಂಧಿ ಅರಮನೆಯಲ್ಲಿ ಬೊಂಬೆ ಕೂರಿಸಿದಳು. ನೋಡಲು ಬಂದವರಲ್ಲಿ ಜಟಾಲಂಬನೆಂಬ ಮಾಂತ್ರಿಕನೂ ಇದ್ದ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕಿರಿದು ಮಾಡಿ ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಟ್ಟುಕೊಳ್ಳುವುದು ಅವನ ಚಾಳಿ. ಬೊಂಬೆ ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಆ ನಾಡಿನ ಪದ್ಧತಿ. ಹಿಡಿ ಸಕ್ಕರೆ ಕೊಬ್ಬರಿಯನ್ನಾದರೂ ಬೊಂಬೆ ಬಾಗಿನವೆಂದು ಕೊಡಬೇಕು. ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ರಾಣಿ ಹಬ್ಬದ ಹುಮ್ಮಸ್ಸಿನಲ್ಲಿ, "ನಿಮಗೆ ಬಾಗಿನ ಏನು ಬೇಕೋ ನೀವೇ ಕೇಳಿ" ಎಂದುಬಿಟ್ಟಳು.

ಜಟಾಲಂಬ ಕಿಟಕಿಯಾಚೆ ಬೆರಳು ತೋರಿಸಿದ. ಅಲ್ಲಿ ಬೆಳಗಿನ ರೈಲು ಹೊಗೆ ಬಿಡುತ್ತ ಹೋಗುತ್ತಿತ್ತು.

"ಅದು" ಎಂದ.

ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಅವನು ಒಂದು ಸಲ ಚಪ್ಪಾಳೆ ತಟ್ಟಿದ. ರೈಲು ಕಿರಿದಾಯಿತು, ಡಬ್ಬಿಗಳು ಬೆರಳುದ್ದ ಆದವು, ಒಳಗಿದ್ದ ಅರವತ್ತು ಜನ ಅಕ್ಕಿಕಾಳಿನಷ್ಟಾದರು. ಅವನು ಅದನ್ನು ಭರಣಿಗೆ ಹಾಕಿ ಮುಚ್ಚಳ ಬಿಗಿದ. ರಾಣಿ ಕಾಲಿಗೆ ಬಿದ್ದಾಗ ನಕ್ಕು ಹೇಳಿದ: "ಕಿರಿದಾದದ್ದು ತನ್ನ ಸ್ವಂತ ಜಾಗಕ್ಕೆ ತಾನಾಗಿ ಮರಳಿದರೆ ಮತ್ತೆ ಹಿರಿದಾಗುತ್ತದೆ. ಈ ರೈಲಿನ ಗಾಲಿ ತನ್ನ ಹಳಿ ಮುಟ್ಟಬೇಕು, ಅಷ್ಟೇ. ಮುಟ್ಟಿಸುವವರು ಯಾರಿದ್ದಾರೆ, ಬರಲಿ!"

ಈ ಮಾತು ಊರೆಲ್ಲ ಹರಡಿ ದೇವೀರಿಯ ಕಿವಿಗೂ ಬಿತ್ತು. ಊರವರು ಅತ್ತರು. ಅವಳ ಅತ್ತೆ ಚೌಡಮ್ಮ ಎದೆ ಬಡಿದುಕೊಂಡಳು. ದೇವೀರಿ ಮಾತ್ರ ಅಳಲಿಲ್ಲ.

"ಅತ್ತೆ, ರೈಲನ್ನ ಭರಣೀಲಿಟ್ಟುಕೊಂಡು ಅವನೇನು ಮಾಡ್ತಾನೆ? ಉಪ್ಪಿನಕಾಯಿಯಾದರೆ ನೆಂಚಿಕೋಬಹುದು. ರೈಲು ಅಂದಮೇಲೆ ಓಡಬೇಕು. ಓಡಿಸೋಕೆ ಹಾದಿ ಬೇಕು. ಆ ಹಾದೀನ ನಾನು ಮಾಡ್ತೀನಿ."

"ಹನ್ನೆರಡು ಹರದಾರೀನ ಮನೆಯೊಳಗೆ ತರ್ತೀಯೇನೇ?"

"ತರ್ತೀನಿ. ನೀವು ನಡುಮನೆ ಖಾಲಿ ಮಾಡಿಕೊಡಿ."

ಮೂರು ವರ್ಷ ಹಿಡಿಯಿತು. ದೇವೀರಿ ಗಂಟು ಹಾಕಿದ ಹಗ್ಗ ಹಿಡಿದು ಇಡೀ ಹಾದಿಯನ್ನು ನಡೆದು ಅಳೆದಳು. ಹಿತ್ತಾಳೆ ತಂತಿ ಎಳೆದು ಹಳಿ ಮಾಡಿದಳು. ಇಟ್ಟಿಗೆ ಕುಟ್ಟಿ ಜರಡಿ ಹಿಡಿದು ಹಳಿಯಡಿಗೆ ಜಲ್ಲಿ ಹಾಸಿದಳು. ಮಣ್ಣು ಮೆತ್ತಿ ಬೆಟ್ಟ ಎಬ್ಬಿಸಿದಳು, ರಾಗಿ ಚೆಲ್ಲಿ ಮೊಳಕೆ ಬರಿಸಿ ಹೊಲ ಮಾಡಿದಳು, ಕನ್ನಡಿ ಹೂತು ಕೆರೆ ಮಾಡಿದಳು, ಹಳ್ಳಕ್ಕೆ ಹುಣಸೆಮರದ ಸೇತುವೆ ಹಾಕಿದಳು, ಬಣ್ಣದ ಮರ ನೆಟ್ಟು ಕಾಡು ಮಾಡಿದಳು. ಏಳು ನಿಲ್ದಾಣಗಳಲ್ಲಿ ಗಂಟೆಯೂ ಇತ್ತು, ಕಂಬದ ಮೇಲೆ ಎಲೆಅಡಿಕೆ ಉಗಿದ ಕಲೆಯೂ ಇತ್ತು. ಹಳಿ ಪಕ್ಕದ ಹುಲುವಾಡಿಯ ಕೆರೆಯಲ್ಲಿ ಬಿದ್ದುಕೊಂಡಿರುವ ಎಮ್ಮೆಗೆ ಒಂದು ಕೊಂಬು ಮುರಿದಿದೆ ಎಂದು ನೆನಪಾಗಿ, ಆಗಲೇ ಒಣಗಿದ್ದ ಬೊಂಬೆಯ ಕೊಂಬು ಮುರಿದಳು. ಒಂದು ದಿನವಾದರೂ ಆದೀತೋ ಇಲ್ಲವೋ ಎಂದು ಯೋಚಿಸಲಿಲ್ಲ. ಆಗುತ್ತದೆ ಎಂದುಕೊಂಡೇ ಎದ್ದಳು, ಆಗುತ್ತದೆ ಎಂದುಕೊಂಡೇ ಮಲಗಿದಳು.

ಎಲ್ಲಕ್ಕಿಂತ ಮುಖ್ಯವಾದದ್ದು ಗೇಟಿನ ಆಚೆಯ ಸುರಂಗ. ಬೆಟ್ಟದ ಈ ಬದಿಯ ಬಾಯಿಗೆ ಹಳಿ ಹೋಗುತ್ತಿತ್ತು, ಆ ಬದಿಯ ಬಾಯಿಂದ ಹಳಿ ಬರುತ್ತಿತ್ತು. ಬೆಟ್ಟದ ಹೊಟ್ಟೆಯಲ್ಲಿ ಮಾತ್ರ ಎರಡೂ ಕೂಡುತ್ತಿರಲಿಲ್ಲ. ಒಳಹೋದ ಹಳಿ ತಿರುಗಿ, ಗೋಡೆಗೆ ಕೊರೆದ ತೂತಿನಿಂದ ಹೊರಬಿದ್ದು, ಹಿತ್ತಲು ದಾಟಿ, ನಿಜವಾದ ಹಳಿಯ ಮೇಲಕ್ಕೆ ಹತ್ತುತ್ತಿತ್ತು. ಇದು ಅತ್ತೆ ಸೊಸೆಯರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ನವರಾತ್ರಿ ಬಂತು. ದೇವೀರಿ ಅಕ್ಷತೆ ತೆಗೆದುಕೊಂಡು ಹೋಗಿ ಜಟಾಲಂಬನ ಕೋಟೆ ಬಾಗಿಲಲ್ಲಿ ನಿಂತು, "ನಮ್ಮ ಮನೇಲಿ ಬೊಂಬೆ ಕೂರಿಸಿದ್ದೀನಿ ಸ್ವಾಮಿ, ನೋಡೋಕೆ ಬನ್ನಿ. ರೈಲುಹಾದಿ ಮಾಡಿದ್ದೀನಿ, ರೈಲೊಂದು ಇಲ್ಲ" ಎಂದಳು. ಮಾಂತ್ರಿಕನ ಕಣ್ಣು ಅರಳಿತು. ಮೂರು ವರ್ಷದಿಂದ ಭರಣಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಅವನಿಗೆ ಬೇಸರ ಬಂದಿತ್ತು.

ಮಹಾನವಮಿಯ ದಿನ ಅವನು ಬಂದ. ಹಾದಿಯ ಸುತ್ತ ಮೂರು ಸಲ ಸುತ್ತಿದ.

"ನೋಡೋಕೆ ಚೆನ್ನಾಗಿದೆ ಕಣಮ್ಮ. ಆದರೆ ನನಗೆ ನಂಬಿಕೆಯಿಲ್ಲ. ಸೇತುವೆ ಕುಸಿದರೆ ನನ್ನ ರೈಲು ಹೋಯಿತಲ್ಲ?"

"ನಂಬಿಕೆಯಿಲ್ಲದಿದ್ದರೆ ಪರೀಕ್ಷೆ ಮಾಡಿ ಸ್ವಾಮಿ."

ಅವನು ಒಂದು ಭರಣಿ ತೆರೆದು ಆನೆಯನ್ನು ಬಿಟ್ಟ. ಅದು ಕಡಲೆಕಾಳಿನಷ್ಟಿತ್ತು, ಭಾರ ಮಾತ್ರ ಒರಳುಕಲ್ಲಿನಷ್ಟು. ಧಪ್ ಧಪ್ ಎಂದು ಸೇತುವೆಯ ಮೇಲೆ ನಡೆಯಿತು. ನಡುವೆ ನಿಂತು ಕುಣಿಯಿತು. ಹುಣಸೆಮರದ ಸೇತುವೆ ಕಿರ್ ಎನ್ನಲೂ ಇಲ್ಲ.

"ಇದು ಹೇಗೆ ತಡೀತು?" ಎಂದ ಜಟಾಲಂಬ.

"ಒರಳುಕಲ್ಲು ಇಟ್ಟು, ಅದರ ಮೇಲೆ ನಮ್ಮತ್ತೇನ ಕೂರಿಸಿ ನೋಡಿದ್ದೀನಿ ಸ್ವಾಮಿ."

"ಹೂಂ, ಊಟ ಆದ ಮೇಲೆ" ಎಂದಳು ಚೌಡಮ್ಮ ಮೂಲೆಯಿಂದ.

ವಿಜಯದಶಮಿಯ ದಿನ ಅವನು ಮತ್ತೆ ಬಂದ.

"ಸೇತುವೆ ಸರಿ. ಆದರೆ ನನಗೆ ನಂಬಿಕೆಯಿಲ್ಲ. ಇದು ಬರೀ ಬಣ್ಣದ ಕಾಡು."

"ನಂಬಿಕೆಯಿಲ್ಲದಿದ್ದರೆ ಪರೀಕ್ಷೆ ಮಾಡಿ ಸ್ವಾಮಿ."

ಅವನು ಎರಡನೆಯ ಭರಣಿ ತೆರೆದು ಹುಲಿಯನ್ನು ಬಿಟ್ಟ. ಗೋಧಿಕಾಳಿನಷ್ಟು ಹುಲಿ, ಗರ್ಜನೆ ಮಾತ್ರ ಸೂರು ಅದುರುವಷ್ಟು. ಅದು ಬೆಟ್ಟ ಹತ್ತಿ ಮೂಸಿತು, ಕನ್ನಡಿ ಕೆರೆಗೆ ಬಾಯಿ ಹಾಕಿ ಸಿಟ್ಟಾಯಿತು, ಮರಗಳನ್ನು ಪರಚಲು ಹೊರಟಿತು. ದೇವೀರಿ ಹೆದರಲಿಲ್ಲ. ದಿನಾ ರಾಗಿ ಪೈರಿಗೆ ನೀರು ಚಿಮುಕಿಸುವ ಚೊಂಬು ತಂದು, ಬೆರಳು ಅದ್ದಿ ಅದ್ದಿ ಬೆಟ್ಟದ ಮೇಲೆಲ್ಲ ಮಳೆ ಸುರಿಸಿದಳು. ಮಣ್ಣು ನೆನೆದು ವಾಸನೆ ಎದ್ದಿತು. ಹಳ್ಳದಲ್ಲಿ ಬೊಗಸೆ ನೀರು ನಿಂತಿತು. ಹುಲಿ ಕುಡಿಯಿತು, ರಾಗಿ ಪೈರಿನೊಳಗೆ ನುಗ್ಗಿ ಕಾಲು ಚಾಚಿ ಮಲಗಿತು. ಎಬ್ಬಿಸಿ ಭರಣಿಗೆ ಹಾಕುವಷ್ಟರಲ್ಲಿ ಜಟಾಲಂಬನಿಗೆ ಸಾಕುಸಾಕಾಯಿತು.

ದಶಮಿ ಕಳೆದರೆ ಎಲ್ಲರೂ ಬೊಂಬೆ ಎತ್ತುತ್ತಾರೆ. ದೇವೀರಿ ಎತ್ತಲಿಲ್ಲ. ಏಕಾದಶಿಯ ದಿನ ಅವನು ಮೂರನೆಯ ಸಲ ಬಂದ. ಈ ಸಲ ಕಂಕುಳಲ್ಲಿ ರೈಲಿನ ಭರಣಿಯೂ ಇತ್ತು. ಅದನ್ನು ಕಂಡ ಚೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಾಡೂ ಸರಿ. ಆದರೆ ನನಗೆ ನಂಬಿಕೆಯಿಲ್ಲ. ಒಂದು ತಪ್ಪಿದ್ದರೂ ರೈಲು ಹೊರಗೆ ತೆಗೆಯಲ್ಲ. ಮನೆಗೆ ಹೋಗ್ತೀನಿ, ಮತ್ತೆ ಬರಲ್ಲ."

"ನಂಬಿಕೆಯಿಲ್ಲದಿದ್ದರೆ ಪರೀಕ್ಷೆ ಮಾಡಿ ಸ್ವಾಮಿ."

ಮೂರನೆಯ ಭರಣಿಯಿಂದ ಒಂದು ಗೊರವಂಕ ಹಾರಿತು. ಅದು ಮೊದಲು ರೈಲುಹಾದಿಯ ಕಂಬಗಳ ಮೇಲೆಯೇ ಕೂತು ಬೆಳೆದ ಹಕ್ಕಿ. ಮಾತಾಡಬಲ್ಲದು, ಸುಳ್ಳು ಹೇಳಲಾರದು. ಏಳು ನಿಲ್ದಾಣದ ಮೇಲೂ ಹಾರಿ, "ಸರಿ, ಸರಿ, ಸರಿ" ಎಂದಿತು. ಒಂಟಿ ಕೊಂಬಿನ ಎಮ್ಮೆಯನ್ನು ನೋಡಿ, "ಅಯ್ಯೋ, ಇವಳೂ ಇದ್ದಾಳೆ!" ಎಂದು ಖುಷಿಪಟ್ಟಿತು. ಕೊನೆಗೆ ಗೇಟಿನ ಮೇಲೆ ಕೂತು ಕತ್ತು ಕೊಂಕಿಸಿತು.

"ಇಲ್ಲಿ ತಪ್ಪಿದೆ. ಅಂಗಳದಲ್ಲಿ ಮುದುಕಿ ಇದ್ದಾಳೆ, ಮನೆ ಇದೆ, ತಿರುಗಣೆ ಇದೆ. ಗೇಟಿನಲ್ಲಿ ದಿನಾ ಒಬ್ಬಳು ನಿಲ್ಲುತ್ತಿದ್ದಳು, ಅವಳಿಗಾಗಿ ರೈಲೂ ನಿಲ್ಲುತ್ತಿತ್ತು. ಅವಳಿಲ್ಲ."

ಎಮ್ಮೆಯ ಕೊಂಬನ್ನು ಮರೆಯದ ದೇವೀರಿ ತನ್ನನ್ನೇ ಮರೆತಿದ್ದಳು. ಬೊಂಬೆ ಕಡೆಯುವವರು ಊರನ್ನೆಲ್ಲ ಕಡೆದಾರು, ತಮ್ಮದೊಂದು ಬೊಂಬೆ ಮಾಡಿಕೊಳ್ಳುವುದಿಲ್ಲ. ಅದು ಆ ಕಸುಬಿನವರ ರೂಢಿ.

ಜಟಾಲಂಬ ಭರಣಿಯನ್ನು ಕಂಕುಳಿಗೆ ಏರಿಸಿ ಎದ್ದ. "ನೋಡಿದೆಯಾ? ನಾನು ಹೊರಟೆ."

"ಕೂತುಕೊಳ್ಳಿ ಸ್ವಾಮಿ" ಎಂದಳು ದೇವೀರಿ. "ಬೊಂಬೆ ನೋಡೋಕೆ ಬಂದವರು ಬಾಗಿನ ಇಲ್ಲದೆ ಹೊರಡಬಾರದು. ಚಕ್ಕುಲಿ ತಿನ್ನೋದರೊಳಗೆ ಆಗುತ್ತೆ."

ಚೌಡಮ್ಮ ಅವನ ಮುಂದೆ ತಟ್ಟೆ ತುಂಬ ಚಕ್ಕುಲಿ ತಂದಿಟ್ಟಳು. ಹಬ್ಬದ ಚಕ್ಕುಲಿ, ಗಟ್ಟಿಯಾಗಿತ್ತು.

ದೇವೀರಿ ಹಾಲೆ ಮರದ ಒಂದು ಚೂರು ಹಿಡಿದು ಸೂಜಿಯ ಮೊನೆಯಲ್ಲಿ ಕೆತ್ತತೊಡಗಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಸೂಜಿ ನಡುವೆ ನಿಂತಿತು. ತನ್ನ ಮುಖ ಹೇಗಿದೆ ಎಂಬುದೇ ಅವಳಿಗೆ ನೆನಪಿರಲಿಲ್ಲ. ಕನ್ನಡಿಯನ್ನು ಕೆರೆ ಮಾಡಿ ಎಷ್ಟು ದಿನವಾಗಿತ್ತೋ! ಕೊನೆಗೆ ಚನ್ನಿಗನ ಕಣ್ಣಿಗೆ ತಾನು ಹೇಗೆ ಕಾಣುತ್ತಿದ್ದೆ ಎಂದು ನೆನೆದುಕೊಂಡಳು. ಆಗ ಸೂಜಿ ಓಡಿತು. ಅಕ್ಕಿಕಾಳಿನಷ್ಟು ಬೊಂಬೆ ಮಾಡಿ, ಕೆಂಪು ಸೀರೆ ಉಡಿಸಿ, ಗೇಟಿನಲ್ಲಿ ನಿಲ್ಲಿಸಿದಳು. ಬೊಂಬೆಯ ಬಲಗೈ ಮೇಲೆತ್ತಿತ್ತು.

"ಬುತ್ತಿ ಎಲ್ಲಿ?" ಎಂದಿತು ಗೊರವಂಕ.

"ಇವತ್ತು ಏಕಾದಶಿ. ಏಕಾದಶಿ ದಿನ ನಮ್ಮನೇಲಿ ಒಲೆ ಹಚ್ಚಲ್ಲ. ನೀನೇ ನೋಡಿದ್ದೀಯಲ್ಲ."

ಹಕ್ಕಿ ಒಂದು ಗಳಿಗೆ ಯೋಚಿಸಿತು. "ಹೌದು. ಏಕಾದಶಿಗೆ ಬುತ್ತಿ ಇರಲ್ಲ. ಕೈ ಎತ್ತಿ ನಿಂತಿರ್ತಾಳೆ. ಸರಿ."

ಕೈ ಎತ್ತಿದರೆ ಏನರ್ಥ ಎಂದು ಹಕ್ಕಿಯನ್ನು ಯಾರೂ ಕೇಳಲಿಲ್ಲ. ಅದೂ ಹೇಳಲಿಲ್ಲ. ಬುತ್ತಿಯಿಲ್ಲ, ನಿಲ್ಲಬೇಡ, ಹೋಗು ಎಂದು ಅರ್ಥ.

ಜಟಾಲಂಬ ಬಾಗಿಲು ಕಿಟಕಿಗಳನ್ನೆಲ್ಲ ಭದ್ರಮಾಡಿ, ರೈಲನ್ನು ಎತ್ತಿ ಹವಳಪಟ್ಟಣದ ನಿಲ್ದಾಣದಲ್ಲಿ ತನ್ನ ಕೈಯಾರೆ ಇಟ್ಟ. "ಒಂದು ಸುತ್ತು ಓಡಲಿ. ಗೇಟಿನಲ್ಲಿ ಹೇಗೂ ನಿಲ್ಲುತ್ತಲ್ಲ, ಅಲ್ಲೇ ಎತ್ತಿಕೋತೀನಿ" ಎಂದು ಗೇಟಿನ ಮೇಲೆ ಬೆರಳು ಚಾಚಿ ಕೂತ.

ಭರಣಿಯೊಳಗೆ ಹೊತ್ತು ಹೋಗುವುದಿಲ್ಲ. ಒಳಗಿದ್ದವರಿಗೆ ಒಂದು ಗಳಿಗೆ ಕತ್ತಲೆ ಕವಿದು ಬೆಳಕಾದಂತೆ ಆಯಿತು, ಅಷ್ಟೇ. ಚನ್ನಿಗ ಕಣ್ಣುಜ್ಜಿಕೊಂಡು ನೋಡಿದ. ಅದೇ ನಿಲ್ದಾಣ, ಅದೇ ಗಂಟೆ, ಅದೇ ಕಲೆಯ ಕಂಬ. ಸಿಳ್ಳೆ ಹಾಕಿ ಹೊರಟ. ಸೊಳ್ಳೆ ಗುಂಯ್ ಎಂದಷ್ಟು ಸಣ್ಣ ಆ ಸಿಳ್ಳೆ ಕೇಳಿ ದೇವೀರಿ ಹಳಿಯ ಹತ್ತಿರಕ್ಕೆ ಬಗ್ಗಿದಳು. ರೈಲು ಸೇತುವೆ ದಾಟಿತು, ಎಮ್ಮೆಯನ್ನು ದಾಟಿತು, ಒದ್ದೆ ಹೊಲಗಳ ನಡುವೆ ಬಂತು. ಗೇಟಿನ ಹತ್ತಿರ ವೇಗ ತಗ್ಗಿತು. ಮಾಂತ್ರಿಕನ ಬೆರಳು ಕೆಳಗಿಳಿಯಿತು.

ಚನ್ನಿಗ ಗೇಟಿನತ್ತ ನೋಡಿದ. ಕೆಂಪು ಸೀರೆ, ಮೇಲೆತ್ತಿದ ಕೈ.

"ಅರೆ, ಇವತ್ತು ಏಕಾದಶಿಯೇನು? ಮರೆತೇ ಹೋಗಿತ್ತು" ಎಂದುಕೊಂಡು ಉಗಿಯ ಹಿಡಿ ಎಳೆದ. ರೈಲು ಬೆರಳಿನಡಿ ನುಸುಳಿ ಸುರಂಗದೊಳಗೆ ಹೋಯಿತು.

ಜಟಾಲಂಬ ಓಡಿ ಸುರಂಗದ ಆಚೆ ಬಾಯಿಗೆ ಕಣ್ಣಿಟ್ಟ. ರೈಲು ಬರಲಿಲ್ಲ. ಒಳಗೆ ಸಿಕ್ಕಿಕೊಂಡಿತೆಂದು ಕಂಗಾಲಾದ. ಬೆಟ್ಟ ಒಡೆದರೆ ತನ್ನ ಆಟಿಕೆ ನುಚ್ಚಾಗುತ್ತದೆ. ಹಿಂದುಮುಂದು ನೋಡದೆ ಚಪ್ಪಾಳೆ ತಟ್ಟಿ ತಾನೇ ಅಕ್ಕಿಕಾಳಿನಷ್ಟಾಗಿ ಸುರಂಗಕ್ಕೆ ನುಗ್ಗಿದ. ಕತ್ತಲಲ್ಲಿ ಓಡಿ, ಗೋಡೆ ದಾಟಿ, ಹಿತ್ತಲಿಗೆ ಬಂದ. ಅಷ್ಟರಲ್ಲಿ ಮುಂದಿನ ಗಾಲಿ ನಿಜವಾದ ಹಳಿಯನ್ನು ಮುಟ್ಟಿತು.

ಭೂಮಿ ಗುಡುಗಿತು. ಎಂಜಿನ್ನು ಬೆಳೆಯಿತು, ಡಬ್ಬಿಗಳು ಬೆಳೆದವು, ಬೇಲಿ ಮುರಿಯಿತು, ಉಗಿ ಭುಸ್ಸೆಂದು ಚಿಮ್ಮಿತು. ಆ ಉಗಿಗೆ ಸಿಕ್ಕಿ ಜಟಾಲಂಬ ಹಾರಿ ತಿಪ್ಪೆಗೆ ಬಿದ್ದ. ಮತ್ತೆ ಹಿರಿದಾಗಬೇಕೆಂದು ಕೋಟೆಗೆ ಓಡಿದ. ಒಂದು ಮೊಳ ನಡೆಯುವುದಕ್ಕೇ ಬೆವತುಹೋಗುವ ಅವನಿಗೆ ಕೋಟೆ ಸೇರಲು ವರ್ಷವೇ ಹಿಡಿಯಿತು. ಸೇರಿದರೂ ಬೆಳೆಯಲಿಲ್ಲ. ಕೋಟೆ ಇನ್ನೊಬ್ಬರಿಂದ ಕಿತ್ತುಕೊಂಡದ್ದು, ಮಂಚ ಮತ್ತೊಬ್ಬರದು, ಕುಡಿಯುವ ಬಾವಿ ಮಗದೊಬ್ಬರದು. ಅವನ ಸ್ವಂತದ್ದು ಅನ್ನುವ ಅಂಗೈಯಗಲ ಜಾಗವೂ ಭೂಮಿಯ ಮೇಲಿರಲಿಲ್ಲ. ಅವನು ಹಾಗೇ ಉಳಿದ. ಆನೆ, ಹುಲಿ, ಗೊರವಂಕಗಳನ್ನು ಅದೇ ರೈಲಿನಲ್ಲಿ ಅವುಗಳ ಜಾಗಗಳಿಗೆ ಕಳಿಸಿದರು. ಇಳಿದ ಕೂಡಲೇ ಅವು ಮೊದಲಿನ ಹಾಗಾದವು. ದೇವೀರಿಯ ಬೊಂಬೆ ಹಾದಿಯನ್ನು ನೋಡಲು ಹದಿನಾಲ್ಕು ದೇಶದ ಜನ ಬಂದರು. ರಾಣಿ ನಿಂತು ಎಲ್ಲರಿಗೂ ಬಾಗಿನ ಕೊಟ್ಟಳು. ಏನು ಬೇಕೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ಇದೆಲ್ಲ ಆಮೇಲಿನ ಮಾತು. ಅವತ್ತು ಹಿತ್ತಲಿನಲ್ಲಿ ರೈಲು ನಿಂತಾಗ, ಮಸಿ ಮುಖದ ಚನ್ನಿಗ ಕೆಳಗಿಳಿದು ಬಂದ. ತಾಯಿ ಓಡಿ ಹೋಗಿ ಅಪ್ಪಿಕೊಂಡಳು. ಅವನು ಹೆಂಡತಿಯನ್ನು ನೋಡುತ್ತ ನಿಂತುಬಿಟ್ಟ.

"ಯಾಕೆ ಇಷ್ಟು ಸೊರಗಿದ್ದೀಯ ದೇವೀರಿ? ಬೆಳಗ್ಗೆ ನಾನು ಹೊರಟಾಗ ಚೆನ್ನಾಗೇ ಇದ್ದೆಯಲ್ಲ?"

ಮೂರು ವರ್ಷ ಒಂದು ಹನಿ ಹಾಕದ ದೇವೀರಿ ಆಗ ಅತ್ತಳು. ಮನಸಾರೆ, ಜೋರಾಗಿ, ಅರವತ್ತು ಜನರ ಮುಂದೆ ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ನಕ್ಕಳು.

ಮದುವೆಯಾದಾಗ ಚನ್ನಿಗ ಅವಳಿಗಿಂತ ಸರಿಯಾಗಿ ಮೂರು ವರ್ಷಕ್ಕೆ ದೊಡ್ಡವನಾಗಿದ್ದ. ಈಗ ಇಬ್ಬರಿಗೂ ಒಂದೇ ವಯಸ್ಸು. ನಾನು ದೊಡ್ಡವನು, ನನ್ನ ಮಾತು ಕೇಳು ಎಂದು ಆ ಮನೆಯಲ್ಲಿ ಆಮೇಲೆ ಯಾರೂ ಅನ್ನಲಿಲ್ಲ. ಇಬ್ಬರೂ ಒಟ್ಟಿಗೇ ಮುದುಕರಾಗಿ, ತುಂಬ ಕಾಲ ಸುಖವಾಗಿದ್ದರು.