ತಪ್ಪಿಲ್ಲದ ಲೋಟ

ಜಾಡುದರ್ಶಿ ಯಂತ್ರದ ಗಾಜಿನ ಗೂಡಿನಲ್ಲಿ ಉಕ್ಕಿನ ಲೋಟವೊಂದು ನಿಧಾನವಾಗಿ ಸುತ್ತು ತಿರುಗಿತು. ನೀಲಿ ಬೆಳಕಿನ ಎಳೆಯೊಂದು ಅದರ ಅಂಚಿನಿಂದ ತಳದವರೆಗೆ ಇಳಿದು, ಮತ್ತೆ ಮೇಲೇರಿ ಆರಿಹೋಯಿತು. ಪರದೆಯ ಮೇಲೆ ಎರಡೇ ಮಾತು ಮೂಡಿದವು: ‘ಕಲಿಕೆಯ ಜಾಡು ಕಾಣುತ್ತಿಲ್ಲ. ಬಳಕೆ ಸಾಲದು.’

ಎದುರಿಗೆ ಕುಳಿತಿದ್ದ ಧಾರಿಣಿ ಆ ಸಾಲನ್ನು ಎರಡೆರಡು ಸಲ ಓದಿದರೂ ಅರ್ಥ ತಲೆಗಿಳಿಯಲಿಲ್ಲ. ಲೋಟದ ಹಿಂದೆ ಅವಳ ಒಂದು ವರ್ಷದ ದುಡಿಮೆ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಜಾಡುದರ್ಶಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಧಾರಿಣಿ ಓದುತ್ತಿದ್ದ ದಾವಣಗೆರೆಯ ವಿನ್ಯಾಸ ವಿದ್ಯಾಲಯಕ್ಕೆ ಇಂಥದೊಂದು ಯಂತ್ರ ಬೇಕಾದುದಕ್ಕೂ ಕಾರಣವಿತ್ತು. ಯೋಚಿಸುವ ಯಂತ್ರಗಳು ಮನೆಮನೆಗೂ ಬಂದ ಮೇಲೆ, ಕುರ್ಚಿಯೋ ಕೊಡವೋ ಕನ್ನಡಕವೋ, ಯಾವುದರ ನಕ್ಷೆಯನ್ನಾದರೂ ಯಾರು ಬೇಕಾದರೂ ಕ್ಷಣದಲ್ಲಿ ತೆಗೆಸಬಹುದಾಗಿತ್ತು. ವಿದ್ಯಾರ್ಥಿ ತಂದೊಪ್ಪಿಸಿದ ವಸ್ತು ಎಷ್ಟೇ ಸೊಗಸಾಗಿರಲಿ, ಅದರಲ್ಲಿ ಅವನ ಬುದ್ಧಿ ಎಷ್ಟು, ಯಂತ್ರದ್ದೆಷ್ಟು ಎಂದು ಹೇಳುವ ಧೈರ್ಯ ಯಾವ ಮೇಷ್ಟರಿಗೂ ಉಳಿದಿರಲಿಲ್ಲ. ಆಗ ಡಾ. ಪರಶಿವಯ್ಯ ಎಂಬ ವಿಜ್ಞಾನಿ ಒಂದು ಉಪಾಯ ಹೂಡಿದರು. ಕೊನೆಯ ಕೃತಿಯನ್ನು ನೋಡುವುದೇ ಬೇಡ, ಅದಕ್ಕೆ ಮುಂಚಿನ ತಪ್ಪುಗಳನ್ನು ನೋಡೋಣ ಎಂದರು. ಒಳ್ಳೆಯದನ್ನು ಯಾರಿಂದಲಾದರೂ ಮಾಡಿಸಬಹುದು, ತಪ್ಪನ್ನು ಮಾತ್ರ ಸ್ವಂತವಾಗಿಯೇ ಮಾಡಬೇಕು ಎಂಬುದು ಅವರ ವಾದ.

ಹಾಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ಮಾದರಿಯಿಂದ ಕೊನೆಯದರವರೆಗೆ, ಕೆಟ್ಟದ್ದನ್ನೂ ಬಿಡದೆ, ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ತರಬೇಕಾಗಿತ್ತು. ಇದಕ್ಕೆ ಕೃತಿಸಂಪುಟವೆಂದು ಹೆಸರು. ಹುಡುಗರು ಪೋರ್ಟ್‌ಫೋಲಿಯೋ ಎಂದೇ ಕರೆಯುತ್ತಿದ್ದರು. ಮಾದರಿಯನ್ನು ಯಾರಾದರೂ ನಿತ್ಯ ಬಳಸಿರಲೇಬೇಕು ಎಂಬುದೂ ನಿಯಮ. ಲೋಹ ಬಿಸಿಯಾಗಿ ತಣಿದಾಗಲೆಲ್ಲ, ಅದರ ಮೇಲೆ ಕೈ ಒತ್ತಿದಾಗಲೆಲ್ಲ ಕಣ್ಣಿಗೆ ಕಾಣದ ಗುರುತು ಉಳಿಯುತ್ತದೆ. ಈ ‘ವಸ್ತುಸ್ಮೃತಿ’ಯನ್ನು ಜಾಡುದರ್ಶಿ ಓದುತ್ತಿತ್ತು. ಬಳಸುವವರು ಯಾವ ಮಾದರಿಯನ್ನು ಬೇಗ ಕೈಬಿಟ್ಟರೋ ಅದನ್ನು ತಪ್ಪೆಂದೂ, ಯಾವುದನ್ನು ಬಿಡದೆ ಹಿಡಿದರೋ ಅದನ್ನು ಸರಿಯೆಂದೂ ಎಣಿಸಿ, ನಡುವಿನ ದಾರಿಯನ್ನು ಕಲಿಕೆಯೆಂದು ಅಳೆಯುತ್ತಿತ್ತು. ಬಳಸಿದವರ ಬಾಯಿಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಮಾತು ಕಟ್ಟಿಕೊಂಡು ಅಂಕ ಕೊಡಲಾದೀತೇ ಎಂದು ಪರಶಿವಯ್ಯನವರು ನಗುತ್ತಿದ್ದರು.

ಧಾರಿಣಿಯ ಪೆಟ್ಟಿಗೆಯಲ್ಲಿದ್ದದ್ದು ಒಂದೇ ಲೋಟ. ಕೈ ನಡುಗುವವರು ಚೆಲ್ಲದೆ ಕಾಫಿ ಕುಡಿಯುವ ಲೋಟ. ಅವಳನ್ನು ಸಾಕಿದ ಸೋದರತ್ತೆ ಸರ್ವಮಂಗಳಮ್ಮನವರಿಗೆ ವರ್ಷಗಳಿಂದ ಕೈನಡುಕ. ಆ ಕೈಗಳನ್ನು ನೋಡುತ್ತಲೇ ಬೆಳೆದ ಹುಡುಗಿ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿದ್ದಳು. ಬುಡಕ್ಕೆ ಭಾರ ಕೂರಿಸಿದಳು, ಬಾಯಿಗೆ ಸಣ್ಣ ಕಿಂಡಿಯ ಮುಚ್ಚಳ ಇಟ್ಟಳು, ಕೈ ಸುಡದಂತೆ ಎರಡು ಪದರದ ಗೋಡೆ ಕಟ್ಟಿದಳು. ಮೊದಲ ಪ್ರಯತ್ನದಲ್ಲೇ ಅದು ಗೆದ್ದಿತು. ಅತ್ತೆ ಕುಡಿದು, ಒಂದು ಹನಿಯೂ ಚೆಲ್ಲಲಿಲ್ಲ, ಬಹಳ ಚೆನ್ನಾಗಿದೆ ಎಂದರು. ಪತ್ರಿಕೆಯಲ್ಲಿ ಫೋಟೋ ಬಂತು. ಅವಳು ತೇರ್ಗಡೆಯಾದರೆ ಜಿಲ್ಲೆಯ ವೃದ್ಧರ ಆರೈಕೆ ಕೇಂದ್ರಗಳಿಗೆಲ್ಲ ಅದೇ ಲೋಟ ಹಂಚುವುದೆಂದೂ ತೀರ್ಮಾನವಾಗಿತ್ತು.

ಪರಶಿವಯ್ಯನವರು ಅವಳನ್ನು ಕೊಠಡಿಗೆ ಕರೆಸಿ ಕೂರಿಸಿದರು. ಗದರಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ತಪ್ಪೇ ಇಲ್ಲದ ಕೃತಿಸಂಪುಟವೆಂದರೆ ಯಂತ್ರ ಅದನ್ನು ನಕಲು ಎಂದೇ ಹೇಳುತ್ತದೆ ಎಂದು ತಿಳಿಸಿದರು.

“ಅತ್ತೆ ಅದರಲ್ಲೇ ದಿನಾ ಎರಡು ಸಲ ಕುಡೀತಾರೆ ಸಾರ್. ಬಳಕೆ ಸಾಲದು ಅಂದ್ರೆ ಏನು?”

“ಅದೇ ನನಗೂ ಅರ್ಥವಾಗ್ತಿಲ್ಲಮ್ಮ. ಈ ಲೋಟ ವಾರಕ್ಕೊಮ್ಮೆ ಬಿಸಿಯಾಗಿದ್ದರೆ ಹೆಚ್ಚು.”

ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಳೆಯ ಮಾದರಿಗಳು ಎಲ್ಲಾದರೂ ಬಿದ್ದಿದ್ದರೆ ಹುಡುಕಿ ತರಲು ಒಂದು ತಿಂಗಳು ಕೊಟ್ಟರು. ಇಲ್ಲದಿದ್ದರೆ ಪದವಿಯೂ ಇಲ್ಲ, ವಿನ್ಯಾಸಕರ ಪರವಾನಗಿಯೂ ಇಲ್ಲ. ನಕಲು ಮಾಡಿದವಳೆಂಬ ಹೆಸರು ಮಾತ್ರ ಜೀವನಪೂರ್ತಿ.

ಅವತ್ತು ಧಾರಿಣಿಗೆ ಊಟ ಸೇರಲಿಲ್ಲ. ಮಾಡದ ತಪ್ಪಿಗೆ ಶಿಕ್ಷೆಯಾಗುವುದನ್ನು ಕೇಳಿದ್ದೇವೆ. ತಪ್ಪು ಮಾಡದ್ದಕ್ಕೇ ಶಿಕ್ಷೆಯೆಂದರೆ ಯಾರ ಬಳಿ ಹೇಳಿಕೊಳ್ಳುವುದು? ಕೊನೆಗೆ ಸಹಪಾಠಿ ತಿಪ್ಪೇಶನ ಬಳಿ ಹೇಳಿಕೊಂಡಳು. ಚಳ್ಳಕೆರೆಯ ಆ ಹುಡುಗ ಮೂರು ವರ್ಷದಲ್ಲಿ ಪಾಠಕ್ಕಿಂತ ಯಂತ್ರವನ್ನೇ ಹೆಚ್ಚು ಓದಿಕೊಂಡಿದ್ದ.

“ತಪ್ಪಿಲ್ಲ ಅಂದ್ರೆ ಮಾಡ್ಕೊ. ಅದಕ್ಕ್ಯಾಕೆ ಅಳ್ತೀಯ?” ಎಂದ ಅವನು. ಕಾರ್ಯಾಗಾರದ ಹಳೆಯ ತಗಡಿನಲ್ಲಿ ಮಾಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಂತ್ರಕ್ಕೆ ತಿಳಿಯುವುದಿಲ್ಲವಂತೆ. ಆದರೆ ಬಳಕೆಯ ಗುರುತನ್ನು ಮಾತ್ರ ಹುಟ್ಟಿಸಲಾಗದು, ನಡುಗುವ ಕೈಯೇ ಅದನ್ನು ಹಿಡಿದಿರಬೇಕು. ಎಲ್ಲರೂ ಹೀಗೇ ಮಾಡುವುದು, ನೀನೊಬ್ಬಳೇ ಸತ್ಯವಂತೆ ಎಂದೂ ಸೇರಿಸಿದ.

ಧಾರಿಣಿ ಮೂರು ಕೆಟ್ಟ ಲೋಟಗಳನ್ನು ಮಾಡಿದಳು. ಒಂದಕ್ಕೆ ಬುಡವೇ ಹಗುರ, ಮುಟ್ಟಿದರೆ ಉರುಳುತ್ತಿತ್ತು. ಇನ್ನೊಂದಕ್ಕೆ ಒಂದೇ ಪದರದ ಗೋಡೆ, ಮುಚ್ಚಳವೂ ಇಲ್ಲ, ಹಿಡಿದರೆ ಕೈ ಸುಡುತ್ತಿತ್ತು. ಮೂರನೆಯದರ ಹಿಡಿ ಬೆರಳು ತೂರದಷ್ಟು ಕಿರಿದು. ಅತ್ತೆಗೆ ಕಷ್ಟವಾಗಬಾರದೆಂದು ತಾನು ಮೊದಲೇ ಊಹಿಸಿ ತಪ್ಪಿಸಿದ್ದ ಒಂದೊಂದನ್ನೂ ಈಗ ಬೇಕೆಂದೇ ಮಾಡಬೇಕಾಯಿತು. ಆ ಬಿಸಿ ಕಾಫಿ ಅತ್ತೆಯ ಮೈಮೇಲೆ ಬಿದ್ದರೆ ಎಂದು ನೆನೆದು ಎರಡು ಸಲ ಕೆಲಸ ನಿಲ್ಲಿಸಿ ಎದ್ದೂ ಹೋದಳು.

ಸರ್ವಮಂಗಳಮ್ಮ ತುಮಕೂರಿನಲ್ಲಿ ಗೆಳತಿ ನಾಗವೇಣಿಯೊಂದಿಗೆ ಒಂದೇ ಮನೆಯಲ್ಲಿದ್ದರು. ಇಬ್ಬರೂ ನಿವೃತ್ತ ಬಸ್ ಕಂಡಕ್ಟರುಗಳು. ನಾಗವೇಣಿ ಅಡುಗೆ, ಸರ್ವಮಂಗಳಮ್ಮ ಮಾತು. ಧಾರಿಣಿ ಭಾನುವಾರಕ್ಕೊಮ್ಮೆ ರೈಲು ಹತ್ತಿ ಬಂದು, ತಾನೇ ಫಿಲ್ಟರ್ ಇಳಿಸಿ, ಅತ್ತೆಗೆ ಆ ಲೋಟದಲ್ಲಿ ಕಾಫಿ ಕೊಟ್ಟು, ಒಂದು ಹನಿಯೂ ಚೆಲ್ಲದ್ದನ್ನು ಕಣ್ತುಂಬ ನೋಡಿ ಹೋಗುತ್ತಿದ್ದಳು. ಈ ಸಲ ತನ್ನ ಲೋಟದ ಜೊತೆ ಈ ಮೂರನ್ನೂ ಮುಂದಿಟ್ಟು, ತಲೆ ತಗ್ಗಿಸಿಕೊಂಡು ವಿಷಯ ಹೇಳಿ, ಒಂದೊಂದರಲ್ಲೂ ಕೆಲವು ದಿನ ಕುಡಿದು ಕೈಬಿಡಬೇಕೆಂದು ಕೇಳಿಕೊಂಡಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ನಡುಗುವ ಕೈಯಿಂದ ಒಂದೊಂದೇ ಲೋಟವನ್ನು ಎತ್ತಿ ನೋಡಿದರು.

“ಚೆಲ್ಲೋದು ತಾನೇ? ಅದು ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಇಟ್ಟು ಹೋಗು.”

ಆ ತಿಂಗಳು ಧಾರಿಣಿ ದಿನಕ್ಕೆರಡು ಸಲ ಫೋನು ಮಾಡಿದಳು. ಸುಟ್ಟಿತೇ, ಬೊಬ್ಬೆ ಎದ್ದಿತೇ, ಸಾಕೆನಿಸಿದರೆ ಬಿಟ್ಟುಬಿಡಿ ಎನ್ನುತ್ತಿದ್ದಳು. ಅತ್ತೆ ಏನೂ ಆಗಿಲ್ಲ ಎನ್ನುತ್ತಿದ್ದರು. ಏನೂ ಆಗಿಲ್ಲ ಎಂಬ ಮಾತೇ ಅವಳನ್ನು ಹಿಂಡುತ್ತಿತ್ತು, ಏಕೆಂದರೆ ಅತ್ತೆ ಕಾಲು ಮುರಿದುಕೊಂಡಿದ್ದಾಗಲೂ ಹಾಗೇ ಹೇಳಿದ್ದರು. ಒಂದು ದಿನ ಮಾತ್ರ ಅತ್ತೆ ತಾವಾಗಿಯೇ ಕೇಳಿದರು, ಪರೀಕ್ಷೆ ಮುಗಿದ ಮೇಲೆ ಆ ಸುಡೋ ಲೋಟ ವಾಪಸು ಕೊಡುತ್ತಾರೋ ಇಲ್ಲವೋ ಎಂದು. ಸಿಕ್ಕಿಬಿದ್ದರೇನು ಗತಿ ಎಂಬ ಚಿಂತೆಯಲ್ಲಿದ್ದ ಧಾರಿಣಿಗೆ ಆ ಪ್ರಶ್ನೆ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಮರುಪರೀಕ್ಷೆಗೆ, ಕೈಯ ಗುರುತು ತಾಳೆ ನೋಡಲು, ಲೋಟ ಬಳಸಿದವರೂ ಬರಬೇಕೆಂದು ಪರಶಿವಯ್ಯನವರು ಹೇಳಿಕಳಿಸಿದ್ದರು. ಸರ್ವಮಂಗಳಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಬಂದರು. ಅದರ ಸೆರಗಿನಲ್ಲೂ ಕಾಫಿಯ ಕಲೆ. ಧಾರಿಣಿ ಪೆಟ್ಟಿಗೆಯಿಂದ ಮೂರು ತಪ್ಪು ಲೋಟಗಳನ್ನು ಮೊದಲು, ತನ್ನ ಗೆದ್ದ ಲೋಟವನ್ನು ಕೊನೆಗೆ ಇಟ್ಟಳು. ಗೂಡಿನ ಬಾಗಿಲು ಮುಚ್ಚಿತು. ನೀಲಿ ಎಳೆ ಒಂದೊಂದನ್ನೇ ಸುತ್ತಿತು. ಈ ಸಲ ಯಂತ್ರ ಬಹಳ ಹೊತ್ತು ತೆಗೆದುಕೊಂಡಿತು.

ಹಸಿರು ದೀಪ ಹತ್ತಿತು. ಪರದೆಯ ಮೇಲೆ, ‘ಕಲಿಕೆಯ ಜಾಡು ಸ್ಪಷ್ಟ’ ಎಂದು ಬಂತು.

ಧಾರಿಣಿ ಉಸಿರು ಬಿಡುವಷ್ಟರಲ್ಲಿ ಕೆಳಗೆ ಲೋಟಗಳ ಚಿತ್ರ ಮೂಡಿತು. ಯಂತ್ರ ಅವುಗಳ ಕ್ರಮವನ್ನೇ ಬದಲಿಸಿತ್ತು. ಎರಡು ಪದರದ ಗೆದ್ದ ಲೋಟ ಎಲ್ಲಕ್ಕಿಂತ ಮೊದಲಿತ್ತು, ಕೆಳಗೆ ‘ಮೊದಲ ತಪ್ಪು’ ಎಂಬ ಬರಹ. ಹಗುರ ಬುಡದ್ದು, ಕಿರಿದಾದ ಹಿಡಿಯಿದ್ದದ್ದು ಆಮೇಲೆ. ಕೈ ಸುಡುವ ಲೋಟ ಕೊನೆಗೆ ನಿಂತಿತ್ತು, ಅದರ ಕೆಳಗೆ ‘ಅಂತಿಮ ಕೃತಿ’.

ಪರಶಿವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳಗಿನ ವಿವರಗಳನ್ನು ತೆರೆದು, ಬೆರಳಿಟ್ಟು ಓದಿದರು. ಎರಡು ಪದರದ ಲೋಟ ವಾರಕ್ಕೊಂದೇ ಸಲ ಬಿಸಿಯಾಗಿತ್ತು. ಸುಡುವ ಲೋಟ ಮಾತ್ರ ದಿನಕ್ಕೆ ಐದಾರು ಸಲ. ಅದರ ಮೇಲೆ ಎರಡೂ ಅಂಗೈಗಳ ಒತ್ತು, ನಡುವೆ ಮಡಿಸಿದ ಬಟ್ಟೆಯ ಗುರುತು. ಎಲ್ಲಕ್ಕಿಂತ ಅಚ್ಚರಿಯೆಂದರೆ ಕೈನಡುಕದ ಗೆರೆ. ಉಳಿದ ಲೋಟಗಳ ಮೇಲೆ ಹುಚ್ಚುಚ್ಚಾಗಿ ಕುಣಿದಿದ್ದ ಆ ಗೆರೆ ಇಲ್ಲಿ ಅರ್ಧಕ್ಕರ್ಧ ತಣ್ಣಗಾಗಿತ್ತು.

“ಯಂತ್ರ ತಪ್ಪು ಓದಿದೆ ಸಾರ್,” ಎಂದಳು ಧಾರಿಣಿ. “ಅತ್ತೆ ದಿನಾ ನನ್ನ ಲೋಟದಲ್ಲೇ ಕುಡಿಯೋದು. ಕೇಳಿ ಬೇಕಾದ್ರೆ.”

ವಿಜ್ಞಾನಿ ಸರ್ವಮಂಗಳಮ್ಮನವರ ಕಡೆ ತಿರುಗಿದರು. ಮೂವತ್ತು ವರ್ಷ ಟಿಕೆಟಿಲ್ಲದವರನ್ನು ಮುಖ ನೋಡಿಯೇ ಹಿಡಿದಿದ್ದ ಆ ಹೆಂಗಸು ಈಗ ತಾವೇ ಸಿಕ್ಕಿಬಿದ್ದವರಂತೆ ಸೆರಗಿನ ಕಲೆಯನ್ನು ಮುಚ್ಚಿಕೊಂಡರು.

“ಭಾನುವಾರ ಕುಡೀತಿದ್ದೆ ಸಾರ್. ಇವಳು ಬಂದಾಗ.”

“ಉಳಿದ ದಿನ?”

“ಕಾಫಿ ಬಿಟ್ಟುಬಿಟ್ಟಿದ್ದೆ. ಬೇರೆ ಲೋಟದಲ್ಲಿ ಕುಡಿದ್ರೆ ಇವಳಿಗೆ ಮೋಸ ಮಾಡಿದಂಗಾಗುತ್ತಲ್ಲ.”

ಧಾರಿಣಿ ಅತ್ತೆಯನ್ನೇ ನೋಡಿದಳು. ಕಾಫಿಯಿಲ್ಲದೆ ಬಸ್ಸನ್ನೇ ಹತ್ತದಿದ್ದ ಅತ್ತೆ.

“ಅವಳು ಮಾಡಿದ್ದು ಚೆನ್ನಾಗೇ ಇದೆ ಸಾರ್, ಅದರಲ್ಲಿ ಎರಡು ಮಾತಿಲ್ಲ,” ಎಂದು ಸರ್ವಮಂಗಳಮ್ಮ ಅವಸರದಲ್ಲಿ ಹೇಳಿದರು. “ಹನಿ ಚೆಲ್ಲಲ್ಲ. ಆದ್ರೆ ಹಿಡ್ಕೊಂಡ್ರೆ ತಣ್ಣಗಿರುತ್ತೆ. ಒಳಗಡೆ ಬಿಸಿ ಇದೆಯೋ ಇಲ್ವೋ ನಾಲಿಗೆ ಸುಟ್ಟ ಮೇಲೇ ಗೊತ್ತಾಗೋದು. ಈ ಲೋಟ ಆದ್ರೆ ಸೆರಗು ಮಡಿಸಿ ಎರಡೂ ಕೈಲಿ ಹಿಡ್ಕೊಂಡ್ರೆ, ಆ ಬಿಸಿಗೆ ಬೆರಳು ಸಡಿಲ ಆಗುತ್ತೆ. ನಡುಕಾನೂ ಸ್ವಲ್ಪ ಸುಮ್ನಾಗುತ್ತೆ. ಚೆಲ್ಲುತ್ತೆ, ಚೆಲ್ಲಲಿ ಬಿಡಿ. ಸೀರೆ ಒಗೆದ್ರೆ ಹೋಗುತ್ತೆ.”

“ನನಗೆ ಯಾಕೆ ಹೇಳ್ಲಿಲ್ಲ ಅತ್ತೆ?”

“ಪೇಪರಲ್ಲಿ ನಿನ್ನ ಫೋಟೋ ಬಂದಿತ್ತಲ್ಲೇ. ಹೆಂಗೆ ಹೇಳ್ಲಿ?”

ಧಾರಿಣಿಗೆ ಆಗ ಪದವಿಯ ಭಯ ಹೋಗಿ ಇನ್ನೊಂದು ಭಯ ಹಿಡಿಯಿತು. ತಾನು ಮೊದಲ ಸಲವೇ ತೇರ್ಗಡೆಯಾಗಿದ್ದರೆ ಆ ಎರಡು ಪದರದ ಲೋಟ ಜಿಲ್ಲೆಯ ಮುದುಕರಿಗೆಲ್ಲ ಹೋಗುತ್ತಿತ್ತು. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು, ಎಲ್ಲರೂ ಮೆಲ್ಲಗೆ ಕಾಫಿ ಬಿಡುತ್ತಿದ್ದರು. ಅವಳು ಎದ್ದು ನಿಂತು, ಯಾರೂ ಕೇಳದೆಯೇ, ಈ ಮೂರೂ ತಪ್ಪುಗಳನ್ನು ತಾನು ಹೋದ ತಿಂಗಳು ಬೇಕೆಂದೇ ಮಾಡಿದ್ದು, ಯಂತ್ರಕ್ಕೆ ಮೋಸ ಮಾಡಲು ಬಂದಿದ್ದು ಎಂದು ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಪರಶಿವಯ್ಯನವರು ಪರದೆಯ ವಿವರಗಳನ್ನು ಮುಚ್ಚಿ ತೀರ್ಪಿನ ಹಾಳೆ ಎಳೆದುಕೊಂಡರು. ಅವರು ಆ ಯಂತ್ರವನ್ನು ಕಟ್ಟಿದ್ದು ಅಂಕದಾಸೆಗೆ ಸುಳ್ಳು ಹೇಳುವವರನ್ನು ಹಿಡಿಯಲು. ಪ್ರೀತಿಗೆ, ದಾಕ್ಷಿಣ್ಯಕ್ಕೆ ಸುಳ್ಳು ಹೇಳುವವರಿದ್ದಾರೆಂದು ಅವರಿಗೆ ಹೊಳೆದೇ ಇರಲಿಲ್ಲ. ತನ್ನ ವಸ್ತುವಿನಲ್ಲಿ ತಪ್ಪಿಲ್ಲ ಎಂದುಕೊಂಡಿದ್ದ ಹುಡುಗಿಯನ್ನು ಯಂತ್ರ ಕಳ್ಳಿ ಎಂದದ್ದು ಅನ್ಯಾಯ, ಕಲಿತಿಲ್ಲ ಎಂದದ್ದು ನಿಜ. ಮೋಸ ಮಾಡಲು ಹೊರಟ ಮೇಲೆಯೇ ಅವಳು ಕಲಿತದ್ದು.

ಕೊನೆಗೆ ಅವರು ಎರಡು ಸಾಲು ಬರೆದರು. ಮೋಸ ಮಾಡಿದ್ದಕ್ಕೆ ಆರು ತಿಂಗಳು ಪದವಿಗೆ ತಡೆ. ತಡೆ ಮುಗಿದ ಮೇಲೆ, ಕಲಿತದ್ದಕ್ಕೆ ಪದವಿ.

ಈ ಸಂಗತಿ ಅಲ್ಲಿಗೇ ಮುಗಿಯಲಿಲ್ಲ. ಹಿಂದೆ ‘ಬಳಕೆ ಸಾಲದು’ ಎಂದು ಬಂದಿದ್ದ ಕೃತಿಸಂಪುಟಗಳನ್ನೆಲ್ಲ ಮತ್ತೆ ತೆಗೆದಾಗ ರಾಜ್ಯದ ಮೂಲೆಮೂಲೆಯ ಮನೆಗಳ ಗುಟ್ಟು ಹೊರಬಿತ್ತು. ಮೊಮ್ಮಗ ಮಾಡಿದ ಕುರ್ಚಿಯನ್ನು ಅಟ್ಟಕ್ಕೇರಿಸಿ ನೆಲದ ಮೇಲೆ ಕೂರುವ ಅಜ್ಜ, ಮಗಳು ಮಾಡಿದ ಚಪ್ಪಲಿಯನ್ನು ಬೀದಿ ತಿರುವಿನವರೆಗೆ ಮೆಟ್ಟಿ ಆಮೇಲೆ ಕೈಯಲ್ಲಿ ಹಿಡಿದು ನಡೆಯುವ ತಾಯಿ, ಇಂಥವರು ಒಬ್ಬಿಬ್ಬರಲ್ಲ. ಎಲ್ಲರೂ ಚೆನ್ನಾಗಿದೆ ಎಂದಿದ್ದವರೇ. ಕೆಲವು ಮನೆಗಳಲ್ಲಿ ಜಗಳವಾಯಿತು, ಕೆಲವು ಮನೆಗಳಲ್ಲಿ ಕುರ್ಚಿ ಅಟ್ಟದಿಂದಿಳಿದು, ಅಜ್ಜನ ಅಳತೆಗೆ ಕಾಲು ಕತ್ತರಿಸಿಕೊಂಡಿತು.

ಮರುಪರೀಕ್ಷೆಯ ನಂತರದ ಭಾನುವಾರವೇ ಧಾರಿಣಿ ತುಮಕೂರಿಗೆ ಹೋದಳು. ಎಂದಿನಂತೆ ತಾನೇ ಫಿಲ್ಟರ್ ಇಳಿಸಿ, ಒಂದು ಪದರದ ಆ ಲೋಟದಲ್ಲಿ ಕಾಫಿ ತಂದಳು. ಅತ್ತೆ ಸೆರಗನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಅಂಗೈಯಲ್ಲಿ ಲೋಟ ಹಿಡಿದು, ಸ್ವಲ್ಪ ಚೆಲ್ಲಿಕೊಂಡು, ಒಂದು ಗುಟುಕು ಕುಡಿದರು. ಧಾರಿಣಿ ಎದುರಿಗೆ ಕುಳಿತು ಹೇಗಿದೆ ಎಂದು ಕೇಳಿದಳು.

ಚೆನ್ನಾಗಿದೆ ಎನ್ನಲು ಅತ್ತೆಯ ಬಾಯಿ ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾಗವೇಣಿಯನ್ನು ನೋಡಿದರು, ಲೋಟವನ್ನು ನೋಡಿದರು, ಮತ್ತೆ ಧಾರಿಣಿಯನ್ನು ನೋಡಿದರು.

“ಲೋಟ ಚೆನ್ನಾಗಿದೆ ಕಣೇ,” ಎಂದರು. “ಕಾಫಿ ಮಾತ್ರ, ನೀನು ಮೊದಲ ಸಲ ಮಾಡಿದಾಗಿನಿಂದ್ಲೂ ಬರೀ ನೀರು.”